ಕೆಂಚಿಯ ಬಾಣಂತನ

ನಮ್ಮ ಮನಿಯಾಂವ ಫಕ್ಕೀರಪ್ಪ. ಹೌದ್ರಿ, ಗಂಡನ ಹೆಸರು ಹಿಡದ ಹೇಳಾಕತ್ತೇನಿ, ಅಷ್ಟು ಸಿಟ್ಟೈತಿ ನನಗ. ಕುಪ್ಪೇಲೂರಾಗ ಕುರಿ ಈಯಿಸೂದ್ರಾಗ ಇವಂದು ಎತ್ತಿದ ಕೈ. ಹುಟ್ಟಿದ ಮರಿ ಉಸಿರಾಡ್ಲಿಲ್ಲಂದ್ರ ಅದರ ಮೂಗಿಗೆ ಬಾಯಿ ಹಚ್ಚಿ, ಲೋಳಿ ಹೀರಿ ಉಗುಳಿ, ತನ್ನ ಉಸಿರು ಊದ್ತಾನ. ಅವರಪ್ಪನೂ ಹಂಗ ಮಾಡ್ತಿದ್ನಂತ. ಈದ ಕುರಿಗೆ ಬಿಸಿನೀರೇನು, ಬೆಲ್ಲದ ಅಂಬಲಿಯೇನು! ನಾ ಎರಡು ಹಡದೇನಿ, ಒಂದಿನ ಬಾಗಿಲಿಗೆ ಬಂದು ಇಣಿಕಿ ನೋಡಿದ ಗಂಡಸಲ್ಲ ಇಂವ. ಅದ್ರಾಗೂ ಕೆಂಚಿ ಅನ್ನೂ ಕುರಿ ಅಂದ್ರ ಜೀವಾ ಬಿಡ್ತಾನ. ಆಕಿನ್ನ ಕಂಡ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳತೈತಿ. ನಗಬ್ಯಾಡ್ರಿ ಮತ್ತ.

ಈ ಸಲ ಏಳೆಂಟು ಕುರಿ ಬೆನ್ನಬೆನ್ನಿಗೆ ಈದವು. ಕೆಲವು ಮರಿ ಸತ್ತ ಹುಟ್ಟಿದವು. ಅದಾಗಿ ಎರಡ್ಮೂರು ವಾರಕ್ಕ ಇವಗ ಜ್ವರ, ತಲಿನೋವು, ಕೆಮ್ಮು. ಉಸಿರು ತಗೊಳ್ಳಾಕೂ ಆಗದಾದಾಗ ರಾಣೆಬೆನ್ನೂರಿನ ದವಾಖಾನಿಗೆ ಹಾಕ್ಕೊಂಡು ಹೋದ್ವಿ. ಪುಪ್ಪಸಕ್ಕ ನಂಜೇರೈತಿ ಅಂದ್ರು ನಂದಿತಾ ಡಾಕ್ಟರಬಾಯಿ. ಕೊಟ್ಟ ಔಷಧ ಹತ್ತವಲ್ದು. ಇಂವ ಉಳಿತಾನೋ ಇಲ್ಲೋ ಅಂತ ಕಂಡ ಕಂಡ ದೇವರಿಗೆಲ್ಲಾ ಹರಕಿ ಹೊತ್ತೆ.

"ದನಾ ಕುರಿ ಏನರ ಸಾಕೀರೇನು?" ಅಂತ ಕೇಳಿದ್ರು ಬಾಯಾರು.

"ಇಲ್ರಿ" ಅಂದ ಇಂವ! ಕುರಿ ಮಾರು ಅಂದಾರು ಅಂತ ಅಂಜಿಕಿ. ಜೀವ ಹೊಂಟ್ರೂ ಕೆಂಚೀನ ಬಿಡವಲ್ಲ.

"ಸುಳ್ಳ್ರಿ ಬಾಯಾರ! ಕುರಿನ ಇವಗ ಹೇಂತಿ!" ಅಂತ ಶುರು ಮಾಡ್ದೆ. ಬಾಯಿ ಹಚ್ಚಿ ಹೀರೂದು, ಒಂದ ಕಂಬಳ್ಯಾಗ ಮಲಗೂದು, ಸತ್ತ ಮರಿ, ಎಲ್ಲಾ ಕಕ್ಕಿದೆ. ವಾರ್ಡಿನ ಮಂದಿ ಬಿದ್ದು ಬಿದ್ದು ನಕ್ರು. ಬಾಯಾರು ನಗಲಿಲ್ಲ. ಕುರಿ ಈದಾಗ ಬೀಳೂ ನೀರು, ಮಾಸಿನ್ಯಾಗ ಒಂದು ಜಾತಿ ಬ್ಯಾಕ್ಟೀರಿಯಾ ಇರತಾವ, ಉಸಿರಿನ ಜೋಡಿ ಎದಿಗೆ ಇಳೀತಾವ ಅಂದ್ರು. ರಕ್ತ ಪರೀಕ್ಷಾಕ್ಕ ಕಳಿಸಿ, ಗುಳಿಗಿ ಬದಲಿ ಮಾಡಿದ್ರು. ಜ್ವರ ಇಳಿಯಾಕ ಹತ್ತಿತು.

ಸೀರಿ ತರಾಕ ಊರಿಗೆ ಹೋದ್ರ, ಕೆಂಚಿ ಈಯಾಕ ಒದ್ದಾಡಾಕತ್ತಿದ್ಲು. ಬಾಯಾರು ಹೇಳಿದಂಗ ಮಾಸ್ಕ್, ಗ್ಲೌಸ್ ಹಾಕ್ಕೊಂಡು ನಾನ ಕುಂತೆ.

ಮರುದಿನ ಹೊಳ್ಳಿ ಬಂದೆ. ಇಂವ ಎದ್ದು ಕುಂತಿದ್ದ. ಉಂಡಿಯೇನ, ಮಲಗಿದ್ದಿಯೇನ ಅಂತ ಕೇಳ್ತಾನ ಅಂತ ಹತ್ರ ಹೋದೆ.

"ಕೆಂಚಿ ಈದ್ಲೇನ?"

ಹಾಳಾಗಿ ಹೋಗ್ಲಿ! "ಈದ್ಲು. ನಾನ ಈಯಿಸಿದೆ. ನನ್ನ ತೊಡಿ ಮ್ಯಾಲೆ ತಲಿ ಇಟ್ಟ ಮಲಗಿದ್ಲು" ಅಂದೆ.

"ನಿನ್ನ ತೊಡಿ ಮ್ಯಾಲೆ?" ಅವನ ಮಾರಿ ಸಣ್ಣದಾತು. ಗ್ವಾಡಿ ಕಡೆ ಹೊಳ್ಳಿ ಮಲಗಿಬಿಟ್ಟ.

ಲಗ್ನಾದಾಗಿಂದ ನನ್ನ ಸಲುವಾಗಿ ಅಂವ ಒಂದಿನಾನೂ ಹೊಟ್ಟಿಕಿಚ್ಚು ಪಟ್ಟಾಂವಲ್ಲ. ಇವತ್ತ ಪಟ್ಟ ನೋಡ್ರಿ, ಆ ಕುರಿ ಸಲುವಾಗಿ.