ಕತ್ತರಿ ಹಾಕದ ಗೂಡುಗಳು

ರೇಷ್ಮೆ ಗೂಡಿನಲ್ಲಿ ಹೂ ಮಾಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಶಿಡ್ಲಘಟ್ಟದಲ್ಲಿ ಯಾವ ಸಮಾರಂಭವಾದರೂ ಮುಖ್ಯ ಅತಿಥಿಗೆ ಗೂಡಿನ ಹಾರ ಹಾಕುವುದು ರೂಢಿ. ನಮ್ಮ ಕಾಲೇಜಿಗೆ ಬಂದಿದ್ದ ಒಬ್ಬ ಅತಿಥಿ ಆ ಹಾರವನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು. ನಾನು ಅದನ್ನು ಮನೆಗೆ ತಂದು, ಒಂದೊಂದೇ ಬಿಚ್ಚಿ, ಎಲ್ಲಿ ಕತ್ತರಿಸಿದ್ದಾರೆ, ಎಲ್ಲಿ ಅಂಟಿಸಿದ್ದಾರೆ ಅಂತ ನೋಡಿ ನೋಡಿ ಕಲಿತೆ. ಆಮೇಲೆ ಹುಚ್ಚೇ ಹಿಡಿಯಿತು. ಗುಲಾಬಿ, ದಾಸವಾಳ, ಕಿವಿಯೋಲೆ, ಗಿಳಿ. ಕಿಟಕಿಯ ಸರಳಿಗೆಲ್ಲ ಗಿಳಿಗಳೇ.

"ಊರೋರೆಲ್ಲ ಗೂಡಲ್ಲಿ ನೂಲು ತೆಗೆದ್ರೆ ನಮ್ಮೋಳು ಗಿಳಿ ತೆಗೀತಾಳೆ," ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕ ನೂಲು ತೆಗೆಯುವವಳು. ಹತ್ತನೇ ಕ್ಲಾಸು ಮುಗಿದಾಗಿನಿಂದ ಒಂದು ಫಿಲೇಚರ್ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು, ಬೆಂದ ಗೂಡುಗಳಿಂದ ಎಳೆ ಹಿಡಿದು ಯಂತ್ರಕ್ಕೆ ಕೊಡುವ ಕೆಲಸ. ಸಂಜೆ ಬಂದರೆ ಬೆರಳ ತುದಿಗಳು ಬೆಳ್ಳಗೆ ಉಬ್ಬಿ ಸಿಪ್ಪೆ ಎದ್ದಿರುತ್ತಿದ್ದವು. ಸಾರಿನ ಖಾರ ತಾಗಿದರೆ ಉರಿಯುತ್ತದೆ ಅಂತ ಮುದ್ದೆಯನ್ನು ಚಮಚದಲ್ಲಿ ಮುರಿದು ತಿನ್ನುತ್ತಿದ್ದಳು. ಒಂದು ವರ್ಷ ಎರಡು ಬೆರಳು ಕೀವು ಕಟ್ಟಿದವು. ಡಾಕ್ಟರು, "ಬಿಸಿನೀರಿಗೆ ಕೈ ಹಾಕೋದು ಬಿಡಮ್ಮ. ಇಲ್ಲಾಂದ್ರೆ ಈ ಬೆರಳು ನಿಂಗೆ ದಕ್ಕಲ್ಲ," ಅಂದರು. ಬಿಟ್ಟು ಏನು ಮಾಡಬೇಕು ಅಂತ ಅವರು ಹೇಳಲಿಲ್ಲ.

ಆಗಲೇ ಚಿಕ್ಕಬಳ್ಳಾಪುರದ ಒಂದು ಬಡಾವಣೆಯ ಪಾರ್ಕಿನಲ್ಲಿ ಭಾನುವಾರದ ಕಲಾ ಸಂತೆ ಶುರುವಾಗಿತ್ತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಂಡು ನಡೆಸುತ್ತಿದ್ದರು. ಹೊಂಗೆ ಮರಗಳಿಗೆ ಹಗ್ಗ ಕಟ್ಟಿ ಚಿತ್ರಗಳು, ಕೆಳಗೆ ಮಣ್ಣಿನ ಬೊಂಬೆ. ಆಚೆ ಒಂದೊಂದು ಚಾಪೆಯ ಮೇಲೆ ಒಂದೊಂದು ವರ್ಕ್‌ಶಾಪ್. ಬಂದವರು ಕೂತು, ತಾವೇ ಏನಾದರೂ ಮಾಡಿ, ಮನೆಗೆ ಒಯ್ಯಬೇಕು. ನಾನು ನನ್ನ ಗಿಳಿಗಳನ್ನು ತೋರಿಸಿ, ಅಕ್ಕನಿಗೊಂದು ಚಾಪೆ ಕೇಳಿದೆ.

"ಕರ್ಕೊಂಡ್ ಬಾಮ್ಮ. ಒಂದ್ ಭಾನುವಾರ ನೋಡಣ," ಅಂದರು ಮೇಷ್ಟ್ರು. "ಜನ ಒಪ್ಪಿದ್ರೆ ಆ ಚಾಪೆ ಅವಳ್ದೇ. ಮುದ್ದೇನಹಳ್ಳಿ ಕಡೆ ಒಂದ್ ಸ್ಕೂಲಲ್ಲಿ ಕ್ರಾಫ್ಟ್ ಕಲಿಸೋರ್ನ ಹುಡುಕ್ತಾವ್ರೆ, ಅಲ್ಲೂ ಹೇಳ್ತೀನಿ."

ಓಡಿ ಬಂದು ಹೇಳಿದರೆ ಅಕ್ಕ ನಕ್ಕಳು. "ವರ್ಕ್‌ಶಾಪಾ? ಗಾಡಿ ರಿಪೇರಿಗಾ ಕರ್ದಿರೋದು?" ಆದರೆ ಅವತ್ತು ರಾತ್ರಿ ತಲೆ ಬಾಚಿಕೊಳ್ಳುತ್ತಾ, "ಸ್ಕೂಲಲ್ಲಿ ಸೀರೆ ಉಟ್ಕೊಂಡ್ ಹೋಗ್ಬೇಕಾ?" ಅಂತ ಕೇಳಿದಳು.

ಮನೆಯಲ್ಲಿ ಕತ್ತರಿಸುವುದು ಯಾವಾಗಲೂ ನಾನು. ನಾನು ಕೊಟ್ಟ ಎಸಳುಗಳನ್ನು ಅಕ್ಕ ನನಗಿಂತ ಚೆನ್ನಾಗಿ ಜೋಡಿಸುತ್ತಿದ್ದಳು. ಸಂತೆಗೆ ಬೇಕಾದ ಗೂಡನ್ನು ಹುಳ ಸಾಕುವ ದೊಡ್ಡಪ್ಪನ ಮನೆಯಿಂದ ಚೀಲ ತುಂಬ ತಂದಿದ್ದೆವು. ತುದಿ ಕತ್ತರಿಸಿ, ಒಳಗೆ ಒಣಗಿದ ಹುಳ ಉದುರಿಸಿ, ತೊಳೆದು, ಬಿಸಿಲಿಗೆ ಹಾಕಬೇಕು. ನನಗೆ ಪರೀಕ್ಷೆ ಇತ್ತು. "ನೀನ್ ಓದ್ಕೋ ಹೋಗೇ. ಕತ್ತರ್ಸಿ ತೊಳ್ಯೋದ್ ನಾನ್ ಮಾಡ್ತೀನಿ," ಅಂದಳು. ಬಿಟ್ಟುಕೊಟ್ಟೆ.

ಭಾನುವಾರ ಪಾರ್ಕಿನಲ್ಲಿ ಚಾಪೆ ಹಾಸಿ, ಬಣ್ಣ, ಅಂಟು, ತಂತಿ ಜೋಡಿಸಿ ಚೀಲ ಬಿಚ್ಚಿದೆ. ಒಳಗಿದ್ದದ್ದೆಲ್ಲ ಕಲೆ ಬಿದ್ದ ಗೂಡು. ಅಮುಕಿದರೆ ಹಪ್ಪಳದಂತೆ ಒಳಕ್ಕೆ ಹೋಗುವ ತೆಳು ಗೂಡು. ದಪ್ಪ ಬಿಳಿ ಗೂಡು ಒಂದೂ ಇರಲಿಲ್ಲ.

"ಒಳ್ಳೇವೆಲ್ಲಿ ಅಕ್ಕಾ?"

"ಮನೇಲವೆ."

"ಮನೇಲಾ?"

"ಕತ್ತರಿ ಹಾಕೋಕೆ ಕೈ ಬರ್ಲಿಲ್ಲ ಕಣೇ. ಹಾಕಣ ಅಂತಾನೇ ಕೂತೆ. ಒಂದೇ ಎಳೆ ಅದು, ಒಳಗಿಂದ ಹೊರಗಿನ್ ಗಂಟ. ಕತ್ತರಿ ತಾಗಿದ್ರೆ ಎಷ್ಟ್ ಚೂರಾಗುತ್ತೆ ಗೊತ್ತಾ? ಯಂತ್ರಕ್ಕೆ ಬರ್ದೇ ಇರೋವ್ನ ಮಾತ್ರ ಕತ್ತರ್ಸಿದೆ."

ಫಿಲೇಚರಿನಲ್ಲಿ ಗೂಡು ಆರಿಸಿ ಆರಿಸಿ ಆ ಕೈಗೆ ಅದೇ ಅಭ್ಯಾಸ. ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರು, ಮಕ್ಕಳು ಬಂದು ಚಾಪೆಯ ಸುತ್ತ ಕೂತಾಗಿತ್ತು.

ಅಕ್ಕ ಬ್ಯಾಂಡೇಜು ಸುತ್ತಿದ ಬೆರಳುಗಳಲ್ಲೇ ತೋರಿಸಿಕೊಟ್ಟಳು. ಆದರೆ ತೆಳು ಎಸಳು ಅಂಟು ಕುಡಿದು ಮುದುಡಿಕೊಳ್ಳುತ್ತಿತ್ತು. ಕಲೆಯ ಮೇಲೆ ಹಚ್ಚಿದ ಗುಲಾಬಿ ಬಣ್ಣ ಕೆಸರಾಯಿತು. "ಎಸಳು ನಿಲ್ತಾನೇ ಇಲ್ವಲ್ಲ ಇವ್ರೇ," ಅಂದರು ಒಬ್ಬರು. ಇನ್ನೊಬ್ಬರು ಗೂಡನ್ನು ಮೂಗಿನ ಹತ್ತಿರ ಹಿಡಿದು, ಆಮೇಲೆ ಅಕ್ಕನ ಕೈ ನೋಡಿ, ಮಗಳ ಕೈ ಹಿಡಿದು ಮಣ್ಣಿನ ಬೊಂಬೆಯ ಚಾಪೆಗೆ ಹೋದರು. ಅವರ ಹಿಂದೆ ಉಳಿದವರು.

ಅಕ್ಕ ಮುದುಡಿದ ಎಸಳುಗಳನ್ನು ಒಟ್ಟುಮಾಡಿ ಬದಿಗಿಟ್ಟಳು. ಆಮೇಲೆ ಎದ್ದು ಗೇಟಿನ ಹತ್ತಿರದ ಟೀ ಗಾಡಿಗೆ ಹೋಗಿ ಒಂದು ಲೋಟ ಬಿಸಿನೀರು ಕೇಳಿದಳು.

"ಉತ್ತ ನೀಳ್ಳಾ? ಬರೀ ನೀರಾ? ಟೀ ಬೇಡ್ವಾ ತಾಯಿ?" ಅಂದ ಗಾಡಿಯವನು.

ಅಕ್ಕ ಲೋಟವನ್ನು ಚಾಪೆಗೆ ತಂದು, ಚೀಲದ ತಳದಲ್ಲಿ ಕತ್ತರಿಸದೆ ಉಳಿದಿದ್ದ ಒಂದು ತೆಳು ಗೂಡನ್ನು ಲೋಟಕ್ಕೆ ಹಾಕಿ, ಕಡ್ಡಿಯಲ್ಲಿ ತಿರುವಿ, ಉಗುರಿನಲ್ಲಿ ಎಳೆಯ ತುದಿ ಹಿಡಿದಳು. ಬ್ಯಾಂಡೇಜು ತೊಯ್ದು ಹೋಯಿತು. ಬೊಂಬೆಯ ಚಾಪೆಯಿಂದ ಒಬ್ಬ ಪುಟ್ಟ ಹುಡುಗಿ ಎದ್ದು ಬಂದಳು. ಅಕ್ಕ ತುದಿಯನ್ನು ಅವಳ ಬೆರಳಿಗೆ ಸುತ್ತಿ, "ಓಡಮ್ಮ," ಅಂದಳು. ಹುಡುಗಿ ಓಡಿದಳು. ಲೋಟದೊಳಗೆ ಗೂಡು ಕುಣಿಯಿತು. ಬಿಸಿಲಿಗೆ ಮಾತ್ರ ಕಾಣುವ ಒಂದು ಎಳೆ. ಮಕ್ಕಳೆಲ್ಲ ಕೂಗಿಕೊಂಡು ಬಂದರು. ಮೇಷ್ಟ್ರೂ ತಿರುಗಿ ನೋಡಿದರು. ನಾನು ಬಣ್ಣದ ಡಬ್ಬಿಗಳನ್ನು ಸರಿಸಿ ಮಕ್ಕಳಿಗೆ ಜಾಗ ಮಾಡಿದೆ.

ಹುಡುಗಿ ಪಾರ್ಕಿನ ಜೋಕಾಲಿಯವರೆಗೂ ಹೋಗಲಿಲ್ಲ, ಎಳೆ ತುಂಡಾಯಿತು. ಮತ್ತೆ ಹಿಡಿದಳು, ಮತ್ತೆ ತುಂಡಾಯಿತು.

"ಆಂಟಿ, ಕಟ್ ಆಯ್ತು!"

"ತೆಳು ಗೂಡು ಅಲ್ವಾ ಕಂದ," ಅಂದಳು ಅಕ್ಕ. "ಒಳ್ಳೇದಾಗಿದ್ರೆ ನಿಮ್ ಪಾರ್ಕೆಲ್ಲ ಸುತ್ಕೊಂಡ್ ಬರ್ತಿತ್ತು."

ಮಕ್ಕಳು ಕಾದರು, ಆಮೇಲೆ ಹೋದರು. ಮೇಷ್ಟ್ರು ಕೆಟ್ಟವರಲ್ಲ. ಚಾಪೆ ಮಡಚುವಾಗ ತಾವೇ ಒಂದು ತುದಿ ಹಿಡಿದರು. "ಬೇಜಾರ್ ಮಾಡ್ಕೋಬೇಡಮ್ಮ. ಮುಂದಿನ್ ವಾರಕ್ಕೆ ಮೆಹಂದಿ ಹಾಕೋರು ಕೇಳವ್ರೆ. ಆಮೇಲ್ ನೋಡಣ." ಶಾಲೆಯ ಮಾತು ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಅಕ್ಕ ತೊಯ್ದ ಬ್ಯಾಂಡೇಜನ್ನು ಬಿಚ್ಚಿ ಮಡಿಲಲ್ಲಿ ಸುತ್ತಿಟ್ಟುಕೊಂಡಳು. "ನಿಂಗೆ ಗೂಡಲ್ಲಿ ಗಿಳಿ ಕಾಣುತ್ತೆ. ನಂಗೆ ನೂಲೇ ಕಾಣೋದು. ಏನ್ ಮಾಡ್ಲಿ?" ಅಂದಳು.

ಸೋಮವಾರ ಅವಳು ಫಿಲೇಚರಿಗೆ ಹೋದಳು. ಹೋಗುವಾಗ, ಕತ್ತರಿ ಹಾಕದೆ ಉಳಿಸಿದ್ದ ದೊಡ್ಡಪ್ಪನ ಒಳ್ಳೆ ಗೂಡುಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಸಂಜೆ ಬಂದು, ಬೆಳ್ಳಗೆ ಉಬ್ಬಿದ ಬೆರಳುಗಳಲ್ಲಿ ಚಮಚ ಹಿಡಿದು ಊಟಕ್ಕೆ ಕೂತಳು. ಒಂದು ತುತ್ತು ನುಂಗಿ ನನ್ನ ಕಡೆ ನೋಡಿದಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಸಂತೋಷ ಇತ್ತು. ಅದನ್ನು ನೋಡಲಾರದೆ ನಾನು ತಟ್ಟೆಯ ಕಡೆ ತಲೆ ಬಗ್ಗಿಸಿದೆ.

"ಒಂದೂ ತುಂಡಾಗ್ಲಿಲ್ಲ ಕಣೇ," ಅಂದಳು.