ಜಟ್ಟಪ್ಪ ಹೇಳದೆ ಬಿಟ್ಟ ಸುಳಿ

ಐವತ್ತೇಳನೇ ವಯಸ್ಸಿನಲ್ಲಿ ಜಟ್ಟಪ್ಪ ತತ್ವಶಾಸ್ತ್ರ ಓದಲು ಹೊರಟಾಗ ಆನವಟ್ಟಿಯ ಹೋಟೆಲುಗಳಿಗೆ ಒಂದು ತಿಂಗಳಿಗೆ ಸಾಲುವಷ್ಟು ಮಾತು ಸಿಕ್ಕಿತು. ದೂರಶಿಕ್ಷಣದ ಬಿ.ಎ., ಭಾನುವಾರಕ್ಕೊಮ್ಮೆ ಶಿಕಾರಿಪುರದಲ್ಲಿ ತರಗತಿ. "ದನದ ಬಾಲ ಹಿಡಿಯೋನಿಗೆ ಬ್ರಹ್ಮಜ್ಞಾನ ಯಾಕಂತೆ" ಎಂದು ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ? ಜಟ್ಟಪ್ಪ ನಕ್ಕು, ನೋಟ್‌ಬುಕ್ಕನ್ನು ಕೈಚೀಲಕ್ಕೆ ಹಾಕಿಕೊಂಡು ಎಂಟು ಗಂಟೆಯ ಬಸ್ಸು ಹತ್ತುತ್ತಿದ್ದ.

ಅವನಿಗೆ ಎರಡೆಕರೆ ಗದ್ದೆಯಿತ್ತು. ಹೆಸರು ಬಂದಿದ್ದು ಮಾತ್ರ ಸುಳಿ ನೋಡುವುದರಿಂದ. ದನ ಕೊಳ್ಳುವವರು ಹಲ್ಲು, ಕೆಚ್ಚಲು ತಾವೇ ನೋಡಿಕೊಳ್ಳುತ್ತಾರೆ. ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ, ಅದು ಕಟ್ಟಿಕೊಂಡ ಮನೆಗೆ ಒಳ್ಳೆಯದೋ ಕೆಡುಕೋ ಎಂದು ಹೇಳುವುದಕ್ಕೆ ಜಟ್ಟಪ್ಪ ಬೇಕಿತ್ತು. ಅವನು ತಂಬಿಗೆ ನೀರು ತರಿಸಿ, ಅಂಗೈ ಒದ್ದೆ ಮಾಡಿಕೊಂಡು, ಕಣ್ಣು ಮುಚ್ಚಿ ಹಣೆಯಿಂದ ಬಾಲದ ಬುಡದವರೆಗೆ ಸವರುತ್ತಿದ್ದ. ಕಂಡದ್ದನ್ನು ಬೆನ್ನ ಮೇಲೆ ಕೈಯಿಟ್ಟೇ ಹೇಳಬೇಕೆಂಬುದು ಅಪ್ಪ ಹಾಕಿಕೊಟ್ಟ ಕಟ್ಟಳೆ. ಹೇಳಿದ ಮೇಲೆ ಮನೆಯವರು ಕೊಡುವುದು ಒಂದು ಚೂರು ಬೆಲ್ಲ, ನೀರು. ಅಲ್ಲೇ ನಿಂತು ಬೆಲ್ಲ ಬಾಯಿಗೆ ಹಾಕಿಕೊಂಡರೆ, ಆಡಿದ ಮಾತು ನಿಜ ಎಂದು ಅರ್ಥ.

ಶಿಕಾರಿಪುರದಲ್ಲಿ ತತ್ವಶಾಸ್ತ್ರಕ್ಕೆ ಇದ್ದವರು ಮೂರೇ ಮಂದಿ: ಜಟ್ಟಪ್ಪ, ನರ್ಸ್ ದೀಪಶ್ರೀ, ಬಸ್ ಕಂಡಕ್ಟರ್ ಹೇಮಂತ್. ಪಾಠ ಹೇಳುವ ವೇದಾ ಮೇಡಂ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ತಮ್ಮ ಬದುಕಿನದೇ ಒಂದು ಉದಾಹರಣೆ ತಂದವರಿಗೆ ಮಾತ್ರ ಚಹಾ ಎಂಬುದು ಅವರ ಕಾನೂನು. ಪುಸ್ತಕದ ಮಾತು ಒಪ್ಪಿಸಿದರೆ ಬರೀ ನೀರು. ಜಟ್ಟಪ್ಪ ಎರಡು ವರ್ಷ ನೀರು ಕುಡಿದ.

ಸತ್ಯ ಹೇಳುವುದರ ಬಗ್ಗೆ ಚರ್ಚೆ ನಡೆದ ಒಂದು ಭಾನುವಾರ ಅವನು ಕೊನೆಗೂ ಬಾಯಿ ಬಿಟ್ಟ.

"ಒಬ್ಬ ಸುಳಿ ನೋಡೋನು ಇದಾನೆ ಅಂತ ಇಟ್ಕಳ್ಳಿ ಮೇಡಂ. ಅವ್ನಿಗೆ ಅದ್ರಲ್ಲಿ ನಂಬಿಕೆ ಹೊರಟೋಗೈತೆ. ಒಂದು ಕಡಸಿನ ಮೇಲೆ ಕೆಟ್ಟ ಸುಳಿ ಕೈಗೆ ಸಿಕ್ತು. ಕೊಳ್ಳೋರಿಗೆ ಅದನ್ನ ಹೇಳ್ಲಿಲ್ಲ, ಏನೂ ದೋಷ ಇಲ್ಲ ಅಂದ. ತಪ್ಪಾ?"

"ಕೂದ್ಲಿಗೆಲ್ಲ ಅರ್ಥ ಹಚ್ಚೋದೇ ಸುಳ್ಳು ರೀ. ಸುಳ್ಳನ್ನ ಹೇಳ್ದೆ ಇದ್ರೆ ಏನು ತಪ್ಪು?" ಎಂದಳು ದೀಪಶ್ರೀ.

ಹೇಮಂತ್ ಒಪ್ಪಲಿಲ್ಲ. "ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರೆ ನಾನು ಹೇಳ್ಬೇಕು. ಅಲ್ಲಿಗೆ ಹೋಗಿ ಅವ್ರು ಏನು ಮಾಡ್ತಾರೆ ಅನ್ನೋದು ನಂಗೆ ಸಂಬಂಧ ಇಲ್ಲ."

ಅರ್ಧ ಗಂಟೆ ಇಬ್ಬರೂ ಹಗ್ಗ ಜಗ್ಗಾಡಿದರು. ವೇದಾ ಮೇಡಂ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಆಮೇಲೆ ಆ ಮನೇಲಿ ಏನಾಯ್ತು?"

ಜಟ್ಟಪ್ಪ ಕಪ್ಪುಹಲಗೆ ನೋಡುತ್ತ, "ಎಂಟು ತಿಂಗಳಿಗೆ ಯಜಮಾನ ತೀರ್ಕಂಡ" ಎಂದ.

ಮೇಡಂ ಎದ್ದು ಅವನಿಗೇ ಮೊದಲು ಚಹಾ ಬಗ್ಗಿಸಿದರು. ಆ ಸುಳಿ ನೋಡುವವನು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಏಳು ವರ್ಷದ ಹಿಂದೆ ಅವನ ಕೇರಿಯ ತಾಯಮ್ಮ, ಗಂಡ ಬಸವಣ್ಯಪ್ಪನ ಜೊತೆ ಕೌಲು ಬಣ್ಣದ ಒಂದು ಕಡಸು ನೋಡಲು ಹೋಗುವಾಗ ಇವನನ್ನೂ ಕರೆದುಕೊಂಡು ಹೋಗಿದ್ದಳು. ಒದ್ದೆ ಅಂಗೈಗೆ ಬೆನ್ನುಮೂಳೆಯ ಎರಡೂ ಕಡೆ ಎರಡು ಸುಳಿ ಸಿಕ್ಕವು. ಚಟ್ಟದ ಸುಳಿ. ಕಟ್ಟಿಕೊಂಡ ಮನೆಯಲ್ಲಿ ಚಟ್ಟ ಕಟ್ಟಿಸುತ್ತದೆ ಎನ್ನುತ್ತಾರೆ. ಕಣ್ಣು ಬಿಟ್ಟು ನೋಡಿದರೆ ಕಡಸು ತಾಯಮ್ಮನ ಮೊಣಕೈ ನೆಕ್ಕುತ್ತಿತ್ತು, ಮಕ್ಕಳಿಲ್ಲದ ಆ ಹೆಂಗಸು ಅದಕ್ಕೆ ಆಗಲೇ ಕೌಲಿ ಎಂದು ಹೆಸರಿಟ್ಟಾಗಿತ್ತು. ಜಟ್ಟಪ್ಪನ ಬಾಯಿಂದ "ದೋಷ ಇಲ್ಲ" ಎಂದೇ ಬಂತು. ಕೊಟ್ಟ ಬೆಲ್ಲವನ್ನು ಮಾತ್ರ ತಿನ್ನಲಾಗದೆ ಜೇಬಿಗೆ ಹಾಕಿಕೊಂಡ. ಆ ಸಂಭ್ರಮದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಬಸವಣ್ಯಪ್ಪ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಕೂದಲು ಯಾರನ್ನೂ ಕೊಲ್ಲುವುದಿಲ್ಲ ಎಂದು ಜಟ್ಟಪ್ಪನಿಗೆ ಗೊತ್ತು. ಗೊತ್ತಿದ್ದರೂ ತಾಯಮ್ಮನ ಬರಿ ಹಣೆ ಎದುರಾದಾಗೆಲ್ಲ ಅವನ ಅಂಗೈ ಬೆವರುತ್ತಿತ್ತು. ಸುಳಿ ನೋಡುವುದನ್ನೂ ಅಂದಿಗೇ ಬಿಟ್ಟ. ತಾನು ತಪ್ಪು ಮಾಡಿದೆನೇ ಎಂದು ಹೇಳಬಲ್ಲವರು ಊರಲ್ಲಿ ಯಾರೂ ಕಾಣದೆ ಅವನು ಶಿಕಾರಿಪುರದ ಬಸ್ಸು ಹತ್ತಿದ್ದು.

ಈ ಸಲ ದೀಪಾವಳಿ ಕಳೆದ ಮೇಲೆ ತಾಯಮ್ಮನ ಮಂಡಿ ಪೂರ್ತಿ ಕೈಕೊಟ್ಟಿತು. ಬಗ್ಗಿ ಹಾಲು ಕರೆಯಲಾಗದು. ನಾಲ್ಕು ಕರು ಹಾಕಿದ ಕೌಲಿಯನ್ನು ಒಳ್ಳೆಯ ಮನೆ ನೋಡಿ ಕೊಡಬೇಕೆಂದುಕೊಂಡಳು. ಜಡೆ ಊರಿನ ಮಲ್ಲಿಕಾರ್ಜುನಪ್ಪ ಬೈಕಿನಲ್ಲಿ ಬಂದು, ದನ ಮೆಚ್ಚಿ, ಸುಳಿಯ ಮಾತೆತ್ತಿದ.

"ಜಟ್ಟಪ್ಪ ನೋಡಿ ಕೊಡ್ಸಿದ ದನ ಇದು. ಅವನೇ ಬಂದು ಹೇಳ್ಲಿ ತಗಳ್ರಿ" ಎಂದು ತಾಯಮ್ಮ ಹೆಮ್ಮೆಯಿಂದ ಹೇಳಿಕಳಿಸಿದಳು.

ಬಿಟ್ಟ ಕಸುಬಾದರೂ ಜಟ್ಟಪ್ಪ ಬಂದ. ಕೈ ಒದ್ದೆ ಮಾಡಿಕೊಂಡ. ಎರಡು ಸುಳಿಯೂ ಇದ್ದಲ್ಲೇ ಇದ್ದವು. ಸುಮ್ಮನಿದ್ದರೆ ಕೌಲಿಗೆ ಮನೆ ಸಿಗುತ್ತದೆ, ಹೇಳಿದರೆ ತಾಯಮ್ಮ ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ. ಇಷ್ಟು ಗೊತ್ತಿದ್ದೂ ಅವನು ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

"ಬೆನ್ನಿನ ಎರಡೂ ಕಡೆ ಸುಳಿ ಐತೆ. ಚಟ್ಟದ ಸುಳಿ ಅಂತಾರೆ. ನಂಗೆ ಅದ್ರಲ್ಲಿ ನಂಬಿಕೆ ಇಲ್ಲ, ಆದ್ರೆ ಐತೆ" ಎಂದ. ಆಮೇಲೆ ತಾಯಮ್ಮನ ಕಡೆ ತಿರುಗಿದ. "ಏಳು ವರ್ಷದ ಹಿಂದೂ ಇತ್ತು ತಾಯಮ್ಮ. ನಾನು ಹೇಳ್ಲಿಲ್ಲ. ಕೊಟ್ಟ ಬೆಲ್ಲನೂ ತಿನ್ನದೆ ಜೇಬಿಗೆ ಹಾಕ್ಕಂಡೆ."

ಮಲ್ಲಿಕಾರ್ಜುನಪ್ಪ ಜೇಬಿನಿಂದ ಬೈಕಿನ ಕೀಲಿ ತೆಗೆದ. "ಮನೇಲಿ ಅವ್ವಂಗೆ ತೊಂಬತ್ತು ವರ್ಷ. ಸುಮ್ನೆ ಯಾಕ್ರೀ" ಎಂದು ಬೈಕು ಹತ್ತಿ ಹೋದ.

ತಾಯಮ್ಮ ಕಟ್ಟೆಯ ಮೇಲೆ ಕೂತಳು. ಜಟ್ಟಪ್ಪನಿಗೆ ಹೋಗುವುದೋ ನಿಲ್ಲುವುದೋ ತಿಳಿಯಲಿಲ್ಲ.

"ಅವತ್ತೇ ಹೇಳಿದ್ರೆ ನಾನು ಇವಳ್ನ ಬಿಟ್ಟು ಬರ್ತಿದ್ದೆ" ಎಂದಳು ಕೊನೆಗೆ. "ಅವ್ರ ಎದೆ ಹೆಂಗೂ ನಿಲ್ತಿತ್ತು. ಡಾಕ್ಟ್ರು ಮೊದ್ಲೇ ಹೇಳಿದ್ರು, ಇವ್ರು ಬೀಡಿ ಬಿಡ್ಲಿಲ್ಲ. ಆಮೇಲೆ ಈ ಮನೇಲಿ ನಂಗೆ ಯಾರಿರ್ತಿದ್ರು? ಇವಳ ಕೊರಳು ತಬ್ಕಂಡೇ ನಾನು ಅತ್ತಿದ್ದು."

ಜಟ್ಟಪ್ಪನ ಕಣ್ಣು ತುಂಬಿತು. ಏಳು ವರ್ಷದ ಭಾರ ಇಳಿಯಿತೆಂದುಕೊಳ್ಳುವಷ್ಟರಲ್ಲಿ ಅವಳ ದನಿ ಗಟ್ಟಿಯಾಯಿತು.

"ಆದ್ರೆ ನೀನು ಹೇಳ್ಬೇಕಿತ್ತು ಜಟ್ಟಪ್ಪ. ಸಾವು ನಿಂದಲ್ಲ, ಒಪ್ತೀನಿ. ಕಂಡಿದ್ದು ಹೇಳು ಅಂತ ನಿನ್ನ ಕರ್ಕಂಡು ಹೋಗಿದ್ದೆ. ಬೇಕೋ ಬೇಡ್ವೋ ಅನ್ನೋದು ನಂದಾಗಿತ್ತು. ಅದನ್ನ ನನ್ನ ಕೇಳ್ದೆ ನೀನೇ ತಗಂಡೆ."

ಎರಡು ವರ್ಷದ ತರಗತಿಯಲ್ಲಿ ಯಾರೂ ಇದನ್ನು ಇಷ್ಟು ನೆಟ್ಟಗೆ ಹೇಳಿರಲಿಲ್ಲ. "ಹೌದು, ತಪ್ಪು ನಂದು" ಎಂದ ಜಟ್ಟಪ್ಪ. ಕೌಲಿಯ ಕಡೆ ನೋಡಿ, "ಕೌಲಿನ ನಾನೇ ಹೊಡ್ಕಂಡು ಹೋಗ್ಲಾ? ಎದ್ರಿಗೇ ಇರ್ತಾಳೆ, ದಿನಾ ನೋಡ್ಬಹುದು" ಎಂದ.

"ನಾಗವೇಣಿಗೆ ಹೇಳಿದ್ಯಾ?"

ಜಟ್ಟಪ್ಪ ತಲೆ ತಗ್ಗಿಸಿದ. ಹೆಂಡತಿಗೆ ಹೇಳುವುದು ಅವನಿಗೆ ಹೊಳೆದೇ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಅವನು ರಸ್ತೆ ದಾಟಿ ಮನೆಗೆ ಹೋದ. ಅಕ್ಕಿ ಆರಿಸುತ್ತಿದ್ದ ನಾಗವೇಣಿಯ ಎದುರು ಕೂತು, ಸುಳಿ, ಸುಳ್ಳು, ಬೆಲ್ಲ, ಎಲ್ಲವನ್ನೂ ಹೇಳಿದ. ಬೇಡ ಎಂದರೆ ಬೇಡ ಎಂದೂ ಸೇರಿಸಿದ.

ನಾಗವೇಣಿ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಯಾರ ಚಟ್ಟ ಅಂತ ಅದ್ರ ಮೇಲೆ ಬರ್ದೈತಾ?"

"ಇಲ್ಲ."

"ಹಂಗಾದ್ರೆ ಎಲ್ರ ಮನೇಲೂ ಒಂದಿನ ಕಟ್ಟೋದೇ. ಕೊಟ್ಟಿಗೆ ಗುಡಿಸಿರ್ತೀನಿ, ಹೊಡ್ಕಂಡು ಬಾ" ಎಂದಳು. ಅವನು ಎದ್ದ ಮೇಲೆ ಹಿಂದಿನಿಂದ, "ಕೇಳಿದ್ಯಲ್ಲ, ಅದು ಚಲೋ ಆತು" ಎಂದಳು.

ಜಟ್ಟಪ್ಪ ಮರಳಿ ಬಂದು ಹಗ್ಗ ಬಿಚ್ಚಿದಾಗ ತಾಯಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಂದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಬೆಲ್ಲ.

"ಜೇಬಿಗೆ ಹಾಕ್ಬೇಡ" ಎಂದಳು.

ಜಟ್ಟಪ್ಪ ಅಲ್ಲೇ, ಅವಳ ಎದುರಿಗೇ, ಬೆಲ್ಲವನ್ನು ಬಾಯಿಗೆ ಹಾಕಿಕೊಂಡ.