ಟೆಟ್ಟಾ ಕೂಗದ ಹೆಸರು

ನಮ್ಮ ಜೌಗುಸೀಮೆಯಲ್ಲಿ ಬರೀ ‘ನೀರು’ ಅನ್ನುವವನನ್ನು ದೋಣಿ ಹತ್ತಿಸಬಾರದು. ನಿಂತದ್ದು ಮೆರೆ, ಹರಿಯುವುದು ಬರ್ನ, ಇಳಿದು ನಡೆಯಬಹುದಾದದ್ದು ಫೋರ್ಡ್, ತಳ ಸಿಗದ ಮಡು ಪೋಲ್. ಮುಂದೆ ಹಂಸವೋ ಮರಳೋ ಸೇರಿದರೆ ಸ್ವಾನ್‌ಮೆರೆ, ಸಾಂಡ್‌ಫೋರ್ಡ್. ಹೆಸರು ಕೇಳಿದರೆ ಸಾಕು, ಕೂರಬೇಕೋ ಇಳಿಯಬೇಕೋ ತಿಳಿಯುತ್ತದೆ. ಗುಡ್ಡದ ಕಡೆಯಿಂದ ಬಂದ ನನ್ನ ಗಂಡ ಬಬ್ಬನ ತಲೆಗೆ ಇಷ್ಟು ತುಂಬುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಮಂಜು ಕವಿದಾಗ ದಡದಲ್ಲಿ ನಿಂತು ಕೂಗುವ ಕೆಲಸ ಟೆಟ್ಟಾಳದು. ದೋಣಿಯವನ ದನಿ ಬಂದ ದಿಕ್ಕಿನಿಂದಲೇ ಅವನು ಯಾವ ನೀರಿನ ಮೇಲಿದ್ದಾನೆಂದು ಗುರುತಿಸಿ ಆ ಹೆಸರು ಕೂಗುತ್ತಿದ್ದಳು. ಅವನು ಅದನ್ನೇ ತಿರುಗಿ ಕೂಗಬೇಕು. ಕೇಳಿಸಿತು ಎಂಬುದಕ್ಕೆ ಅದೇ ಗುರುತು. ಮಂಜಿನಲ್ಲಿ ಬೇರೆ ಮಾತೆಲ್ಲ ಕಲಸಿಹೋಗುತ್ತದೆ, ಎಳೆದು ಕೂಗಿದ ಹೆಸರೊಂದೇ ದಾಟುತ್ತದೆ. ಅಬ್ಬಾ, ಅವಳ ಗಂಟಲೋ! ಹಾವುಮೀನು ಹಿಡಿಯುವ ಅವಳ ಗಂಡ ಡುನ್ನ, “ಮನೇಲೂ ಹಿಂಗೇ ಕೂಗ್ತಾಳೆ ಕಣ್ರೋ, ಅಲ್ಲಿ ದಡಾನೇ ಸಿಗಲ್ಲ” ಎಂದು ನಗಿಸುತ್ತಿದ್ದ. ಅವಳು ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಮಕ್ಕಳಿಲ್ಲದ ಮನೆ, ಆದರೂ ಗದ್ದಲಕ್ಕೆ ಬರವಿರಲಿಲ್ಲ.

ಆ ವರ್ಷ ಚಳಿಗಾಲದ ನೆರೆ ಸಾಂಡ್‌ಫೋರ್ಡಿನ ಮರಳನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಮೇಲಿಂದ ನೋಡಿದರೆ ಅದೇ ನೀರು, ಯಾರಿಗೂ ಗೊತ್ತಾಗಲಿಲ್ಲ. ನೆರೆ ಇಳಿದ ಮೇಲೆ ಮೊದಲು ಬಲೆಬುಟ್ಟಿ ಎತ್ತಲು ಹೋದವನು ಡುನ್ನ. ಮಂಜು ಕವಿಯಿತು. ಟೆಟ್ಟಾ “ಸಾಂಡ್‌ಫೋರ್ಡ್!” ಎಂದಳು. ಅವನೂ “ಸಾಂಡ್‌ಫೋರ್ಡ್!” ಎಂದು ಕೂಗಿ, ಎಂದಿನಂತೆ ದೋಣಿ ಎಳೆಯಲು ಇಳಿದ. ಮೇಲೆ ಬರಲಿಲ್ಲ. ಅಯ್ಯೋ, ಅವಳು ಆಮೇಲೂ ಎಷ್ಟೋ ಹೊತ್ತು ಮುಂದಿನ ನೀರಿನ ಹೆಸರು ಕೂಗುತ್ತಲೇ ಇದ್ದಳಲ್ಲ!

ನುಂಗಿದ ನೀರಿಗೆ ಸತ್ತವರ ಹೆಸರಿಡುವುದು ನಮ್ಮಲ್ಲಿಯ ಪದ್ಧತಿ. ಹಿರಿಯರು ಅದನ್ನು ಡುನ್ನನ್‌ಪೋಲ್ ಎಂದರು.

“ನನ್ನ ಗಂಡನ ಹೆಸರನ್ನ ಆ ಹಾಳು ಮಡುವಿಗೆ ಇಡ್ತೀರಾ? ನಿಮ್ಮ ನಾಲಿಗೆ ಬಿದ್ದುಹೋಗ!”

“ಹಳೇ ಹೆಸರು ಕೂಗಿದ್ರೆ ಇನ್ನೊಬ್ಬ ಇಳೀತಾನಲ್ಲೇ, ತಾಯಿ.”

“ಕೂಗೋದೇ ಇಲ್ಲ, ಹೋಗ್ರಿ.”

ಅಂದಿನಿಂದ ಅವಳು ದಡಕ್ಕೆ ಬರಲಿಲ್ಲ. ಆ ಕಿವಿ ಬೇರೆ ಯಾರಿಗಿದೆ? ಮಂಜು ಬೀಳುವ ಹಾಗಿದ್ದರೆ ಯಾರೂ ದೋಣಿ ಬಿಡುತ್ತಿರಲಿಲ್ಲ.

ನನ್ನ ಪುಣ್ಯಾತ್ಮನಿಗೆ ಆಕಾಶ ನೋಡುವುದಾದರೂ ಬರಬೇಕಲ್ಲ! ಒಂದು ದಿನ ಬಿಸಿಲಿದೆಯೆಂದು ಹೊರಟ, ಮಧ್ಯಾಹ್ನ ಕಳೆಯುವಷ್ಟರಲ್ಲಿ ನನ್ನ ಕೈ ನನಗೇ ಕಾಣದಷ್ಟು ಮಂಜು. ಟೆಟ್ಟಾಳ ಮನೆಗೆ ಓಡಿದೆ. ಅವಳು ಗೋಡೆಯ ಕಡೆ ತಿರುಗಿ ಕೂತಿದ್ದಳು.

“ಟೆಟ್ಟಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ನಾನೂ ಮುಂಡೆ ಆಗ್ಲಾ?”

“ಆ ಗುಡ್ಡದ ಕತ್ತೇನ ಗೂಟಕ್ಕೆ ಕಟ್ಟಿಹಾಕ್ಬಾರ್ದಿತ್ತಾ?” ಎಂದು ಬೈದವಳು, ಕಂಬಳಿ ಹೊದ್ದು ಎದ್ದು ದಡಕ್ಕೆ ನಡೆದೇಬಿಟ್ಟಳು.

ಸ್ವಾನ್‌ಮೆರೆ ದಾಟಿಸಿದಳು. ಮುಂದಿನ ಸಲ ಬಬ್ಬನ ದನಿ ಡುನ್ನ ಮುಳುಗಿದ ಕಡೆಯಿಂದಲೇ ಬಂತು. ಟೆಟ್ಟಾ ನನ್ನ ಮಣಿಕಟ್ಟು ಹಿಡಿದಳು, ಉಗುರು ನೆಟ್ಟಿತು. ಬಾಯಿ ತೆರೆದಿದೆ, ದನಿಯಿಲ್ಲ. ಬಬ್ಬ ಮತ್ತೆ ಕೂಗಿದ. ನಾನು “ಇಳೀಬೇಡ್ವೋ!” ಎಂದು ಕಿರುಚಿದ್ದು ನನಗೇ ಸರಿಯಾಗಿ ಕೇಳಲಿಲ್ಲ.

“ಡುನ್ನನ್‌ಪೋಲ್!”

ಅವಳೇ. ಕರುಳು ಕಿತ್ತು ಬಂದ ಹಾಗೆ ಕೂಗಿದಳು. ನೀರಿನಿಂದ ಬಬ್ಬನ ದನಿ ಬಂತು: “ಡುನ್ನನ್‌ಪೋಲ್!”

ದಡ ಮುಟ್ಟಿದವನಿಗೆ ಎರಡು ಬಾರಿಸಿ, ತಬ್ಬಿಕೊಂಡು ಅತ್ತೆ. ಟೆಟ್ಟಾ ನಮ್ಮತ್ತ ತಿರುಗಿಯೂ ನೋಡಲಿಲ್ಲ. ಎಲ್ಲ ದೋಣಿಗಳೂ ದಡದಲ್ಲಿದ್ದವು. ಅವಳು ಇನ್ನೊಮ್ಮೆ ಎಳೆದು ಕೂಗಿದಳು, “ಡುನ್ನಾ!”

ಆಮೇಲೆ ಓಗೊಡಲಿ ಎಂದು ಕಿವಿಗೊಟ್ಟು ನಿಂತಳು.

ಕೂಗಿದ್ದನ್ನು ತಿರುಗಿ ಕೂಗಬೇಕೆಂದು ನಾನೇ ಕಲಿಸಿದ್ದೆನಲ್ಲ, ಬಬ್ಬ ಬಾಯಿ ತೆರೆದ. ನಾನು ಕೈಯಿಂದ ಅವನ ಬಾಯಿ ಮುಚ್ಚಿದೆ.